ಮಠದ ಬಿಡಾರದ ಒಳಕೋಣೆ

ಕೊಪ್ಪ
೧೧ ನವೆಂಬರ್ ೨೦೨೪

ಶ್ರೀಮತಿ ರಮ್ಯಶ್ರೀ ಅವಿನಾಶ ಅವರಿಗೆ,
ಹುಬ್ಬಳ್ಳಿ

ಮಾನ್ಯರೇ,

ನನ್ನ ಹೆಸರು ಅಡ್ಡಗದ್ದೆ ಭಾರ್ಗವಿ ಲಕ್ಷ್ಮೀಶ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೇಳು ವರ್ಷ ಸೇವೆ ಸಲ್ಲಿಸಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿದ್ದೇನೆ. ಅದರಲ್ಲಿ ಹನ್ನೊಂದು ವರ್ಷ ನಾನು ಪಾಠ ಮಾಡಿದ್ದು ಕೊಪ್ಪದಲ್ಲಿರುವ ತಮ್ಮ ಮನೆಯಲ್ಲಿ. ಆಗ ಅದು ಬಾಡಿಗೆಯ ಶಾಲೆ. ಊರಿನವರ ಬಾಯಲ್ಲಿ ಅಂದಿಗೂ ಇಂದಿಗೂ ಅದು ‘ಮಠದ ಬಿಡಾರ’.

ಕಳೆದ ವಾರ ಇಬ್ಬರು ಬಂದು ಆ ಮನೆಯ ಗೋಡೆಗಳನ್ನು ಅಳೆದು ಹೋದರು. ಯುಗಾದಿಯ ನಂತರ ಕೆಡವಿ ಅಂಗಡಿ ಸಾಲು ಕಟ್ಟುತ್ತಾರಂತೆ. ತಮ್ಮ ಪತಿ ತೀರಿಕೊಂಡ ಮೇಲೆ ಮನೆ ತಮ್ಮ ಹೆಸರಿಗೆ ಬಂದಿದೆ ಎಂದು ಅಲ್ಲಿ ಕಾವಲಿರುವ ಗುಡ್ಡಮ್ಮ ತಿಳಿಸಿದಳು. ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

ತಾವು ಮಾರಲು ಹೊರಟಿರುವುದು ಏನೆಂಬುದು ತಮಗೆ ತಿಳಿದಿರಬೇಕು. ನರಸಿಂಹರಾಜಪುರದ ಕಡೆಯ ಹೊಳೆಸಾಲು ಮಠದವರು ಕೋರ್ಟು ಕಚೇರಿಯ ಕೆಲಸಕ್ಕೆಂದು ಪೇಟೆಗೆ ಬಂದಾಗ ಉಳಿಯಲು ಕಟ್ಟಿಸಿದ ಮನೆ ಅದು. ಅರುವತ್ತರ ದಶಕದಲ್ಲಿ ಮಠ ಅದನ್ನು ಮಾರಿತು, ತಮ್ಮ ಮಾವನವರ ತಂದೆ ಕೊಂಡರು. ಹಿಂಬದಿಯ ಒಳಕೋಣೆಯಲ್ಲಿ ಹಿಂದಿನ ಸ್ವಾಮಿಗಳು ಕುಳಿತು ಅನುಷ್ಠಾನ ಮಾಡಿದ ಕಲ್ಲಿನ ಪೀಠವಿದೆ. ಪೀಠದ ಮುಂದೆ ಅವರ ಪಾದದ ಗುರುತುಗಳಿವೆ. ನಾನು ಬರೆದ ‘ಕೊಪ್ಪ ಪೇಟೆಯ ಹಳೆಯ ಮನೆಗಳು’ ಎಂಬ ಪುಸ್ತಿಕೆಯ ನಲವತ್ತಮೂರನೆಯ ಪುಟದಲ್ಲಿ ಇದೆಲ್ಲವೂ ದಾಖಲಾಗಿದೆ.

ಇಂಥ ಮನೆಯನ್ನು ಕೆಡವುವುದು ಸಲ್ಲದು. ಉತ್ತರವನ್ನು ಪತ್ರದಲ್ಲಿಯೇ ಬರೆಯಬೇಕೆಂದು ಕೋರುತ್ತೇನೆ. ಫೋನಿನಲ್ಲಿ ಆಡಿದ ಮಾತಿಗೆ ತಾರೀಖೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ.

ತಮ್ಮ ವಿಶ್ವಾಸಿ,
ಅ. ಭಾರ್ಗವಿ ಲಕ್ಷ್ಮೀಶ


ಹುಬ್ಬಳ್ಳಿ
೨೨ ನವೆಂಬರ್ ೨೦೨೪

ಭಾರ್ಗವಿ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಕೈಬರಹದ ಪತ್ರ ನೋಡಿ ಎಷ್ಟೋ ವರ್ಷವಾಗಿತ್ತು. ನನ್ನ ಅಕ್ಷರ ನಿಮ್ಮಷ್ಟು ಚೆನ್ನಾಗಿಲ್ಲ, ಕ್ಷಮಿಸಿ.

ನಿಮ್ಮ ಪುಸ್ತಿಕೆ ನನಗೆ ಗೊತ್ತು. ನಲವತ್ತಮೂರನೇ ಪುಟವೂ ಗೊತ್ತು.

ಮನೆ ಮಾರುವುದು ಖಂಡಿತ. ಆದರೆ ಒಂದು ತೊಡಕಿದೆ. ಸ್ವಾಮಿಗಳ ಕೋಣೆಗೆ ಹಾರೆ ಹಾಕಲು ಕೊಪ್ಪದ ಯಾವ ಕೆಲಸಗಾರರೂ ಒಪ್ಪುತ್ತಿಲ್ಲವಂತೆ. ‘ಈ ಮನೆಯಲ್ಲಿ ಯಾವ ಸ್ವಾಮಿಗಳೂ ವಾಸವಾಗಿರಲಿಲ್ಲ’ ಎಂದು ಊರಲ್ಲಿ ಮಾತು ನಡೆಯುವವರೊಬ್ಬರು ಬರೆದುಕೊಟ್ಟರೆ ಮಾತ್ರ ಮುಂದುವರಿಯುತ್ತೇನೆ ಎನ್ನುತ್ತಾರೆ ಕೊಳ್ಳುವವರು. ಊರಿನಲ್ಲಿ ಯಾರನ್ನು ಕೇಳಿದರೂ ನಿಮ್ಮ ಹೆಸರನ್ನೇ ಹೇಳುತ್ತಾರೆ. ಅದಕ್ಕೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಸ್ವಾಮಿಗಳು ಅಲ್ಲಿ ಇದ್ದರು ಎಂಬುದಕ್ಕೆ ನಿಮ್ಮ ಹತ್ತಿರ ಇರುವ ಆಧಾರ ಏನು?

ಇನ್ನೊಂದು ಪ್ರಶ್ನೆ. ನೀವು ಅಲ್ಲಿ ಪಾಠ ಮಾಡಿದ ಅಷ್ಟು ವರ್ಷ ಮಕ್ಕಳಿಗೆ ಏನೂ ತೊಂದರೆ ಆಗಲಿಲ್ಲವೇ?

ರಮ್ಯಶ್ರೀ


ಕೊಪ್ಪ
೨೮ ನವೆಂಬರ್ ೨೦೨೪

ಮಾನ್ಯರೇ,

ತಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನನ್ನ ಸೇವಾವಧಿಯಲ್ಲಿ ನನ್ನ ಶಾಲೆಯ ಯಾವ ಮಗುವಿಗೂ ಮಂಡಿ ತರಚಿದ್ದಕ್ಕಿಂತ ಹೆಚ್ಚಿನ ಅಪಾಯ ಆಗಿಲ್ಲ. ಇಂಥ ಪ್ರಶ್ನೆಯನ್ನು ಯಾವ ಇನ್ಸ್‌ಪೆಕ್ಟರರೂ ನನಗೆ ಕೇಳಿದ್ದಿಲ್ಲ. ಒಳಕೋಣೆಗಂತೂ ನಾನು ಮಕ್ಕಳನ್ನು ಬಿಟ್ಟಿದ್ದೇ ಇಲ್ಲ. ಹೊಸ್ತಿಲ ಹೊರಗೆ ಸಾಲಾಗಿ ನಿಂತು ಕೈಮುಗಿದು ತರಗತಿಗೆ ಹೋಗುವುದು ನಮ್ಮ ಶಾಲೆಯ ಪದ್ಧತಿಯಾಗಿತ್ತು.

ಇನ್ನು ಆಧಾರ. ಕಲ್ಲು ಇದೆ. ಅದರ ಮುಂದೆ ಎರಡು ಪಾದಗಳಿಗೆ ಸರಿಯಾಗಿ ಎರಡು ತಗ್ಗುಗಳಿವೆ. ಹೊಸ್ತಿಲಿಗೆ ಕಬ್ಬಿಣದ ಲಾಳ ಬಡಿದು ರಕ್ಷೆ ಮಾಡಿದ್ದಾರೆ. ಮೇಲಿನ ಜಂತಿಗಳು ಹೋಮದ ಹೊಗೆಗೆ ಕಪ್ಪಾಗಿವೆ. ಹೊಸ್ತಿಲಲ್ಲಿ ಸಂಜೆ ದೀಪವಿಡುವುದು ಮಠದವರ ಕಾಲದಿಂದ ನಿಂತಿಲ್ಲ. ಈಗ ಗುಡ್ಡಮ್ಮ ಇಡುತ್ತಾಳೆ, ಅವಳಿಗೆ ಮೊದಲು ಅವಳ ತಾಯಿ ಇಡುತ್ತಿದ್ದಳು. ಇಷ್ಟು ಸಾಲದೆ?

ಸಾಲದಿದ್ದರೆ ಮಠಕ್ಕೇ ವಿಚಾರಿಸಿ, ಯಾವ ಸ್ವಾಮಿಗಳು ಯಾವ ವರ್ಷ ಬಂದಿದ್ದರು ಎಂಬುದನ್ನು ತಿಳಿದು ಬರೆಯುತ್ತೇನೆ. ತಾವು ಕೇಳಿದಂಥ ಹೇಳಿಕೆಗೆ ಮಾತ್ರ ನನ್ನ ಸಹಿ ಸಿಗುವುದಿಲ್ಲ. ನಾನು ಕಂಡಿದ್ದನ್ನು ಕಾಣಲಿಲ್ಲ ಎಂದು ಬರೆದವಳಲ್ಲ.

ಅ. ಭಾರ್ಗವಿ ಲಕ್ಷ್ಮೀಶ


ಹುಬ್ಬಳ್ಳಿ
೧೨ ಡಿಸೆಂಬರ್ ೨೦೨೪

ಮೇಡಂ,

ನಿಮಗೆ ಬೇಜಾರಾಯಿತೆಂದು ಕಾಣುತ್ತದೆ. ನಾನು ಕೇಳಿದ್ದು ನಿಮ್ಮ ಶಾಲೆಯ ಮೇಲಿನ ದೂರಲ್ಲ.

ನೀವು ಹೇಳುವುದು ನಿಜವೇ ಆದರೆ, ಸ್ವಾಮಿಗಳು ಅಲ್ಲಿದ್ದದ್ದು ನಿಜವೇ ಆದರೆ, ಆ ಮನೆಯನ್ನು ನಾನು ಕೈಬಿಡಲು ಅದೊಂದೇ ಕಾರಣ ಸಾಕು. ನಮ್ಮದಲ್ಲದ್ದನ್ನು ಇಟ್ಟುಕೊಂಡು ಅನುಭವಿಸಿದ್ದು ಸಾಕಾಗಿದೆ. ಮಠಕ್ಕೇ ವಾಪಸು ಕೊಡುತ್ತೇನೆಂದು ಒಮ್ಮೆ ಕೇಳಿದೆ. ಮಾರಿದ್ದನ್ನು ಹಿಂದೆ ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದರು. ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಹೋಗಿಬಿಡಲಿ.

ಹೇಳಿಕೆಯ ನಮೂನೆ ಇದರ ಜೊತೆಗಿದೆ. ಒತ್ತಾಯವಿಲ್ಲ.

ರಮ್ಯಶ್ರೀ


ಕೊಪ್ಪ
೩ ಫೆಬ್ರವರಿ ೨೦೨೫

ಮಾನ್ಯರೇ,

ತಮ್ಮ ಪತ್ರಕ್ಕೆ ಏಳು ವಾರ ಉತ್ತರಿಸದೆ ಇದ್ದದ್ದು ಅಸಡ್ಡೆಯಿಂದಲ್ಲ. ಲಾಭಕ್ಕಾಗಿ ಮಾರುವವರು ಇಂಥ ಮಾತುಗಳನ್ನು ಮುಂದೆ ಮಾಡಿಕೊಳ್ಳುವುದನ್ನು ಕಂಡವಳಾದ್ದರಿಂದ ಮೊದಲಿಗೆ ತಮ್ಮ ಪತ್ರವನ್ನು ಮಡಚಿ ಬದಿಗಿಟ್ಟೆ. ಆಮೇಲೆ, ತಮ್ಮ ಬಾಯಿ ಮುಚ್ಚಿಸುವಂಥ ಸಾಕ್ಷ್ಯವನ್ನೇ ಕಳಿಸೋಣವೆಂದು ವಿಚಾರಣೆಗೆ ಇಳಿದೆ. ಏನಾಯಿತೆಂಬುದನ್ನು ಆದ ಕ್ರಮದಲ್ಲಿಯೇ ಬರೆಯುತ್ತೇನೆ.

ಮಠದ ವ್ಯವಸ್ಥಾಪಕ ಶಶಿಕಿರಣ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಫೋನು ಮಾಡಿ, ಬಿಡಾರದ ಒಳಕೋಣೆಯಲ್ಲಿ ಕುಳಿತ ಸ್ವಾಮಿಗಳು ಯಾರೆಂದು ಕೇಳಿದೆ.

“ಒಳಕೋಣೆಯಾ? ಅದರ ದಾರಂದ ಎಷ್ಟೆತ್ತರ ಟೀಚರೇ?” ಎಂದ.

“ಬಾಗಿಲಿನ ಎತ್ತರ ನಿನಗೆ ಯಾಕೆ ಬೇಕು? ಕೇಳಿದ್ದಕ್ಕೆ ಉತ್ತರ ಹೇಳು.”

“ಅಯ್ಯೋ, ಬೈಬೇಡಿ ಮಾರಾಯ್ರೆ. ನಮ್ಮ ಸ್ವಾಮಿಗಳ ಕೈಯಲ್ಲಿ ದಂಡ ಇರ್ತದಲ್ಲ, ಅದು ಅವರ ತಲೆಗಿಂತ ಎತ್ತರ. ಅದನ್ನ ಓರೆ ಮಾಡೋ ಹಾಗಿಲ್ಲ, ಬಾಗ್ಸೋ ಹಾಗಿಲ್ಲ. ಸ್ವಾಮಿಗಳನ್ನ ಮನೆಗೆ ಕರೀಬೇಕು ಅಂತ ಬಂದವರಿಗೆ ನಾವು ಮೊದ್ಲು ಹೇಳೋದೇ ಅದು, ದಾರಂದ ಅಳ್ಕೊಂಡು ಬನ್ನಿ ಅಂತ. ಬಾಗಿಲು ಗಿಡ್ಡ ಇದ್ರೆ ಅಂಗಳದಲ್ಲೇ ಚಪ್ಪರ, ಅಲ್ಲೇ ಪಾದಪೂಜೆ. ನೀವು ಅಳೀರಿ, ಆಮೇಲೆ ಬೈರಿ.”

ಅಳೆದೆ. ಅಳೆಯುವ ಅಗತ್ಯವೂ ಇರಲಿಲ್ಲ. ಆ ಬಾಗಿಲ ಮೇಲ್ದಾರಂದ ನನ್ನ ಹುಬ್ಬಿಗಿಂತ ಕೆಳಗಿದೆ, ನಾನು ಎತ್ತರದ ಹೆಂಗಸಲ್ಲ. ಹನ್ನೊಂದು ವರ್ಷ ಆ ಹೊಸ್ತಿಲ ಮುಂದೆ ಮಕ್ಕಳನ್ನು ನಿಲ್ಲಿಸಿ ಕೈಮುಗಿಸಿದ್ದೇನೆ. ತಲೆ ಬಗ್ಗಿಸಿಯೇ ನೋಡುತ್ತಿದ್ದುದರಿಂದ ಬಾಗಿಲು ಗಿಡ್ಡವೆಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಗುಡ್ಡಮ್ಮ ಲಾಂದ್ರ ಹಿಡಿದಳು. ನಾನು ಮೊದಲ ಬಾರಿಗೆ ಒಳಗೆ ಹೋದೆ. ಸೊಂಟ ಹಿಡಿದುಕೊಂಡಿತು. ಒಂದು ಗಳಿಗೆ ಸುಧಾರಿಸಿಕೊಳ್ಳಲು ಕೂರಬೇಕಾಯಿತು, ಕೂರಲು ಅಲ್ಲಿ ಆ ಪೀಠದ ಹೊರತು ಬೇರೇನೂ ಇರಲಿಲ್ಲ.

“ಸ್ವಾಮಿಗಳ ಪೀಠದ ಮೇಲೆ ಕೂತ್ರಲ್ಲ ಟೀಚರೇ! ನಂಗೆ ಒಂದಿನಾದ್ರೂ ಒರಗಕ್ಕೆ ಬಿಟ್ಟಿದ್ರಾ?” ಎಂದು ಗುಡ್ಡಮ್ಮ ಕುಹಕವಾಡಿದಳು.

ಕಾಲು ಚಾಚಿದಾಗ ನನ್ನ ಎರಡು ಹಿಮ್ಮಡಿಗಳೂ ಆ ಎರಡು ತಗ್ಗುಗಳಲ್ಲಿ ಸರಿಯಾಗಿ ಕೂತಿದ್ದವು. ಯಾರೂ ಅಲ್ಲಿ ನಿಂತು ಮೂಡಿಸಿದ ಪಾದವಲ್ಲ ಅದು. ಕುಳಿತು ಕಾಲು ನೀಡಿದವರ ಹಿಮ್ಮಡಿ ಎಣ್ಣೆಗೆ ಜಾರದಿರಲೆಂದು ಕಲ್ಲುಕುಟಿಗ ಕೆತ್ತಿದ ತಗ್ಗು. ತಗ್ಗಿನ ಮುಂದೆ ನೀರು ಹರಿಯಲು ಕೊರೆದ ಒಂದು ಸಣ್ಣ ಕಾಲುವೆ, ಅದರ ತುದಿಯಲ್ಲಿ ಗೋಡೆಯಾಚೆ ನೀರು ಹೋಗುವ ಕಂಡಿ. ಹೀಗೆ ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ನೀರು ಹಾಕುವುದನ್ನು ನಮ್ಮ ಕಡೆ ಹುಟ್ಟಿದ ಪ್ರತಿಯೊಬ್ಬ ಹೆಂಗಸೂ ಕಂಡಿದ್ದಾಳೆ. ನಾನೂ ನನ್ನ ಮಗಳಿಗೆ ಹಾಕಿದ್ದೇನೆ. ಆ ನೀರಿನ ನೆನಪು ಕಾಲಿಗಿತ್ತು, ಪುಸ್ತಕ ಬರೆದ ತಲೆಗಿರಲಿಲ್ಲ.

ಅದು ಬಾಣಂತಿ ಕೋಣೆ. ಗಾಳಿ ನುಗ್ಗಬಾರದೆಂದು ಬಾಗಿಲು ಗಿಡ್ಡ. ಕೆಟ್ಟದ್ದು ದಾಟಬಾರದೆಂದು ಹೊಸ್ತಿಲಿಗೆ ಕಬ್ಬಿಣ. ಜಂತಿಯ ಕಪ್ಪು, ಕೂಸಿನ ತಲೆಗೆ ಹಾಕಿದ ಲೋಬಾನದ ಹೊಗೆಯದು. ಬಾಣಂತಿಯೂ ಕೂಸೂ ಕತ್ತಲಲ್ಲಿ ಇರಬಾರದೆಂದು ಹೊಸ್ತಿಲಲ್ಲಿ ದೀಪ.

ಆದರೂ ಸನ್ಯಾಸಿಗಳ ಮಠದ ಮನೆಯಲ್ಲಿ ಬಾಣಂತಿ ಕೋಣೆ ಏಕೆಂಬುದು ಉಳಿಯಿತು. ಕಿಗ್ಗದಲ್ಲಿ ತೊಂಬತ್ತು ದಾಟಿದ ಲಲಿತಮ್ಮನವರಿದ್ದಾರೆ. ತವರು ಹೊಳೆಸಾಲಿನ ಕಡೆ, ಮಠಕ್ಕೆ ನಡೆದುಕೊಳ್ಳುವ ಮನೆತನ. ಬಸ್ಸು ಹಿಡಿದು ಹೋದೆ. ಪ್ರಶ್ನೆ ಮುಗಿಸುವ ಮೊದಲೇ ಅವರು ನಗತೊಡಗಿದರು.

“ಎಂತ ಕೂಸೆ, ಇಷ್ಟು ಓದಿದ್ದು ಎಂತಕ್ಕೆ? ಸ್ವಾಮಿಗಳು ಅಲ್ಲಿಗೆ ಬರುದು ಹ್ಯಾಂಗೆ? ಅಮೆಯ ಮನೆ ಅದು, ಹೆರಿಗೆ ಸೂತಕದ್ದು! ನನ್ನ ಹಿರೀ ಮಾಣಿ ಹುಟ್ಟಿದ್ದೇ ಅಲ್ಲಿ. ಮಳೆ ಹಿಡೀತು ಅಂದ್ರೆ ಹೊಳೆಗೆ ದೋಣಿ ಬಿಡ್ತಿರ್ಲಿಲ್ಲ. ಹೆರಿಗೆ ಕಷ್ಟ ಆಗಿ ದಡದಲ್ಲೇ ಸತ್ತ ಹೆಂಗಸರು ಎಷ್ಟು ಜನ! ಅದಕ್ಕೆ ಆಗಿನ ಸ್ವಾಮಿಗಳು ಅಪ್ಪಣೆ ಕೊಟ್ರು. ದಿನ ತುಂಬಿದವರು ಮಳೆಗೆ ಮುಂಚೆ ಹೋಗಿ ಪೇಟೆ ಬಿಡಾರದಲ್ಲಿ ಇರ್ಲಿ, ಅಲ್ಲಿ ಡಾಕ್ಟರೂ ಇದ್ದಾರೆ ಸೂಲಗಿತ್ತಿಯೂ ಇದ್ದಾಳೆ ಅಂತ.”

“ಹಾಗಾದರೆ ಸ್ವಾಮಿಗಳು ಕೊಪ್ಪಕ್ಕೆ ಬಂದಾಗ?”

“ದೇವಸ್ಥಾನದ ಜಗಲಿ. ಮನೆ ಅವರದೇ, ಮೆಟ್ಟಲು ಮಾತ್ರ ಹತ್ತಿದವರಲ್ಲ. ನಾನಿದ್ದಾಗ ಒಂದ್ಸಲ ರಸ್ತೆ ಮೇಲೇ ನಿಂತು, ‘ಒಳಗೆ ಎಷ್ಟು ಜನ ಇದ್ದಾರೆ?’ ಕೇಳಿದ್ರು. ಮೂವರು ಅಂದ್ರೆ ಮೂರು ಪಾಲು ತುಪ್ಪ ಬೆಲ್ಲ ಕಳಿಸಿದ್ರು. ಆ ತುಪ್ಪದ ಘಮ... ಸಾಯ್ಲಿ, ಈಗಿನ ತುಪ್ಪವೂ ಒಂದು ತುಪ್ಪವಾ!”

“ಇದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವೇ?”

“ಯಾರು ಕೇಳಿದ್ರು? ಗಂಡಸರ ಹತ್ರ ಹೇಳುವ ಸುದ್ದಿಯಾ ಇದು?”

ಮಾನ್ಯರೇ, ಆ ಮನೆಯನ್ನು ಉಳಿಸಲು ನನ್ನ ಕೈಯಲ್ಲಿದ್ದದ್ದು ಒಂದೇ ಆಯುಧ. ಅದು ಸುಳ್ಳೆಂದು ಈಗ ನನಗೆ ಗೊತ್ತು. ಸುಮ್ಮನಿದ್ದರೆ ಊರು ನಂಬಿಕೊಂಡೇ ಇರುತ್ತಿತ್ತು, ಕೆಲಸಗಾರರು ಹಾರೆ ಎತ್ತುತ್ತಿರಲಿಲ್ಲ, ಮನೆ ನಿಂತಿರುತ್ತಿತ್ತು. ಆದರೆ ತಾವು ಕೇಳಿದ್ದು ಸತ್ಯ, ಕೇಳಿದ್ದು ನನ್ನನ್ನು. ಈ ಮನೆಯಲ್ಲಿ ಯಾವ ಸ್ವಾಮಿಗಳೂ ವಾಸವಾಗಿರಲಿಲ್ಲ ಎಂಬ ತಮ್ಮ ಹೇಳಿಕೆಗೆ ಸಹಿ ಹಾಕಿ ಕಳಿಸಿದ್ದೇನೆ. ಇನ್ನು ತಮ್ಮನ್ನು ತಡೆಯುವವರು ಯಾರೂ ಇಲ್ಲ.

ಅ. ಭಾರ್ಗವಿ ಲಕ್ಷ್ಮೀಶ


ಕೊಪ್ಪ
೫ ಮಾರ್ಚ್ ೨೦೨೫
(ಅಂಚೆ ಕಾರ್ಡು)

ಮಾನ್ಯರೇ, ನನ್ನ ಫೆಬ್ರವರಿಯ ಪತ್ರ ತಲುಪಿತೇ ಇಲ್ಲವೇ ಎಂಬುದನ್ನಾದರೂ ತಿಳಿಸಬೇಕಾಗಿ ಕೋರಿಕೆ. ಯುಗಾದಿ ಹತ್ತಿರವಾಯಿತು. ಬಿಡಾರದ ಮುಂದೆ ಜೆಸಿಬಿಯ ಸದ್ದಾದರೆ ಎದ್ದು ಹೋಗಿ ನೋಡುತ್ತೇನೆ, ಈವರೆಗೆ ಬೇರೆಯವರ ಕೆಲಸಕ್ಕೆ ಬಂದದ್ದೇ ಆಗಿದೆ. ಕೆಡವುವ ದಿನ ಗೊತ್ತಾದರೆ ಮುಂಚಿತವಾಗಿ ಬರೆಯಿರಿ. ಆ ಕಲ್ಲನ್ನು ನಾನು ನನ್ನ ಖರ್ಚಿನಲ್ಲಿ ಸಾಗಿಸಿಕೊಳ್ಳುತ್ತೇನೆ. — ಅ. ಭಾ. ಲ.


ಹುಬ್ಬಳ್ಳಿ
೧೯ ಮಾರ್ಚ್ ೨೦೨೫

ಭಾರ್ಗವಿ ಮೇಡಂ,

ನಿಮ್ಮ ಪತ್ರ ತಲುಪಿತ್ತು. ಅದನ್ನು ಓದಿದ ಮೇಲೆ ಬರೆಯಲು ಕೂತು ಕೂತು ಎದ್ದಿದ್ದೇನೆ. ಇವತ್ತು ಮುಗಿಸಿಬಿಡುತ್ತೇನೆ.

ನಿಮಗೆ ಹೇಳದೆ ಇಟ್ಟದ್ದನ್ನು ಹೇಳುತ್ತೇನೆ. ನನಗೆ ಮಕ್ಕಳಿಲ್ಲ. ಎರಡು ಸಲ ಆಗಿ ಎರಡು ಸಲವೂ ಉಳಿಯಲಿಲ್ಲ. ನಮ್ಮವರ ಸೋದರತ್ತೆಗೂ ಇರಲಿಲ್ಲ. ಮಠದ ಸೊತ್ತು ಅರಗುವುದಿಲ್ಲ, ಗುರುಗಳು ಕೂತ ಜಾಗ ಕೊಂಡವರ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಎರಡನೇ ಸಲ ಹೋದ ಮೇಲೆ ನಮ್ಮ ಅತ್ತೆ ನನ್ನನ್ನು ಕೊಪ್ಪಕ್ಕೆ ಕರೆದುಕೊಂಡು ಬಂದರು. ಭಾನುವಾರ, ಶಾಲೆಗೆ ರಜೆ. ಆ ಕಲ್ಲಿನ ಮುಂದೆ ತಪ್ಪುಕಾಣಿಕೆ ಇಡಿಸಿದರು. “ತಪ್ಪಾಯ್ತು ಅನ್ನು” ಅಂದರು. ಏನು ತಪ್ಪು ಎಂದು ನನಗೆ ಗೊತ್ತಿರಲಿಲ್ಲ. ಅಂದೆ. ಆಮೇಲೆ ಪ್ರತಿ ವರ್ಷವೂ ಬಂದು ಅಂದೆ, ಅವರು ಇರುವವರೆಗೂ.

ನಿಮ್ಮ ಪುಸ್ತಿಕೆಯ ನಲವತ್ತಮೂರನೇ ಪುಟವನ್ನು ಅವರು ಕತ್ತರಿಸಿ ದೇವರ ಮಂಟಪದಲ್ಲಿ ಇಟ್ಟಿದ್ದರು. ಪುಸ್ತಕದಲ್ಲೇ ಬಂದಿದೆ, ಇನ್ನೇನು ಬೇಕು ಎನ್ನುತ್ತಿದ್ದರು. ಆ ಹಾಳೆ ಇದರ ಜೊತೆ ಕಳಿಸುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ಎಸೆಯಲು ಕೈ ಬರಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ಶಾಲೆಯ ಮಕ್ಕಳಿಗೆ ತೊಂದರೆ ಆಗಿತ್ತೇ ಎಂದು ಯಾಕೆ ಕೇಳಿದೆ ಎಂದು ಈಗ ನಿಮಗೆ ತಿಳಿದಿರಬೇಕು.

ಎಷ್ಟೋ ಮಕ್ಕಳಿಗೆ ಮೊದಲ ನೀರು ಬಿದ್ದ ಕಲ್ಲಿನ ಮುಂದೆ ಕೂತು ನನಗೆ ಮಕ್ಕಳಾಗದ ತಪ್ಪಿಗೆ ಕ್ಷಮೆ ಕೇಳಿದ್ದೇನೆ ಮೇಡಂ. ಮೊದಲು ಅಳು ಬಂತು. ಆಮೇಲೆ ಎಷ್ಟು ಹೊತ್ತೋ ನಗು ಬಂತು. ಅತ್ತೆ ಇದ್ದಿದ್ದರೆ ಅವರಿಗೂ ಓದಿ ಹೇಳುತ್ತಿದ್ದೆ. ಅವರೂ ಹೆದರಿಕೊಂಡೇ ಹೋದರು.

ನೀವು ಸಹಿ ಹಾಕಿದ ಹೇಳಿಕೆಯನ್ನು ಕೊಳ್ಳುವವರಿಗೆ ಕೊಡಲಿಲ್ಲ. ಮನೆ ಮಾರುವುದಿಲ್ಲ ಎಂದು ಹೇಳಿಬಿಟ್ಟೆ. ಹೆದರಿಕೆಯೇ ಹೋದ ಮೇಲೆ ಮಾರಲು ಕಾರಣ ಉಳಿಯಲಿಲ್ಲ. ಯುಗಾದಿ ಕಳೆದು ನಾನೇ ಬರುತ್ತೇನೆ. ದೂರದ ಹಳ್ಳಿಗಳಿಂದ ಹೆರಿಗೆಗೆ ಬಂದವರೂ ಜೊತೆಗೆ ಬಂದವರೂ ಪೇಟೆಯಲ್ಲಿ ಉಳಿಯಲು ಜಾಗ ಹುಡುಕುತ್ತಾರಲ್ಲವೇ? ಮುಂದಿನ ಕೋಣೆಗಳನ್ನು ಅವರಿಗೆ ಬಿಟ್ಟುಕೊಡಬಹುದೇ? ನೀವು ನೋಡಿಕೊಳ್ಳುವುದಾದರೆ ಮಾತ್ರ. ಗುಡ್ಡಮ್ಮನಿಗೆ ಹೇಳಿ, ದೀಪ ನಿಲ್ಲಿಸುವುದು ಬೇಡ.

ನಿಮ್ಮ,
ರಮ್ಯಶ್ರೀ


ಕೊಪ್ಪ
೨ ಏಪ್ರಿಲ್ ೨೦೨೫

ಪ್ರಿಯ ರಮ್ಯಶ್ರೀ,

‘ಮಾನ್ಯರೇ’ ಎಂಬುದನ್ನು ಬಿಟ್ಟಿದ್ದೇನೆ. ವಯಸ್ಸಿನಲ್ಲಿ ನೀನು ನನ್ನ ಮೊದಲ ತಂಡದ ವಿದ್ಯಾರ್ಥಿನಿಯರ ಸಮಕ್ಕೆ ಬರುತ್ತೀಯೆ, ಆದ್ದರಿಂದ ಏಕವಚನಕ್ಕೆ ಅನುಮತಿ ಕೇಳುತ್ತಿಲ್ಲ.

ನಿನ್ನ ಪತ್ರವನ್ನು ಒಂದು ಸಲ ಓದಿದೆ. ಎರಡನೆಯ ಸಲ ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಸಮಾಧಾನ ಹೇಳುವ ಕಲೆ ನನಗೆ ಬಾರದು, ತಿದ್ದುವ ಕಲೆ ಬರುತ್ತದೆ. ಬರುವುದನ್ನು ಮಾಡಿದ್ದೇನೆ. ಪುಸ್ತಿಕೆಯ ಆ ಪುಟವನ್ನು ಹೊಸದಾಗಿ ಬರೆದು ಅಚ್ಚು ಹಾಕಿಸಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗ್ರಂಥಾಲಯಗಳಿಗೆ ಹೋಗಿ ಅಲ್ಲಿನ ಪ್ರತಿಗಳಲ್ಲಿ ಹಳೆಯ ಪುಟದ ಮೇಲೆ ನನ್ನ ಕೈಯಿಂದಲೇ ಅಂಟಿಸಿ ಬಂದೆ. ಮಠಕ್ಕೂ ಒಂದು ಪ್ರತಿ ಕಳಿಸಿದೆ. ಅಂಥ ಅಪ್ಪಣೆ ಕೊಟ್ಟವರಿದ್ದರೆಂಬುದು ತಮಗೇ ಗೊತ್ತಿರಲಿಲ್ಲ, ಪೀಠಕ್ಕಿಂತ ಇದು ದೊಡ್ಡದು ಟೀಚರೇ ಎಂದು ಶಶಿಕಿರಣ ಫೋನು ಮಾಡಿದ. ತನ್ನ ಮನೆಯ ಮೆಟ್ಟಿಲನ್ನು ತಾನೇ ಹತ್ತದೆ ರಸ್ತೆಯಲ್ಲಿ ನಿಂತ ಗುರು, ಒಳಗೆ ಕೂತ ಗುರುವಿಗಿಂತ ಕಡಿಮೆಯೆಂದು ನನಗೂ ಅನ್ನಿಸುವುದಿಲ್ಲ.

ಗುಡ್ಡಮ್ಮನಿಗೆ ವಿಷಯ ತಿಳಿಸಿದಾಗ ಅವಳೆಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “ಇಷ್ಟು ವರ್ಷ ಊರ ಗಂಡಸ್ರೆಲ್ಲ ಬಾಣಂತಿ ಕಲ್ಲಿಗೆ ಅಡ್ಡ ಬಿದ್ರಾ ಟೀಚರೇ? ಬೀಳ್ಲಿ ಬಿಡಿ, ಒಳ್ಳೇದೇ ಆಯ್ತು!” ದೀಪವನ್ನು ಅವಳು ನಿಲ್ಲಿಸಿಲ್ಲ. ನಿಲ್ಲಿಸು ಎಂದರೂ ಕೇಳುವವಳಲ್ಲ.

ಮುಂದಿನ ಕೋಣೆಗಳ ವಿಷಯ. ನೋಡಿಕೊಳ್ಳಲು ಒಪ್ಪಿದ್ದೇನೆ, ಆದರೆ ನನ್ನ ನಿಯಮಗಳಿರುತ್ತವೆ. ಗೋಡೆಗೆ ಮೊಳೆ ಹೊಡೆಯಬಾರದು. ಬೀಡಿ ಸಲ್ಲದು. ಯಾರಿಗೆ ಮಕ್ಕಳಿವೆ, ಯಾರಿಗೆ ಇಲ್ಲ ಎಂದು ಯಾರೂ ಯಾರನ್ನೂ ಕೇಳಬಾರದು. ಈ ಕೊನೆಯ ನಿಯಮವನ್ನು ಬಾಗಿಲಿಗೇ ಬರೆಸುತ್ತೇನೆ.

ನೀನು ಬಂದಾಗ ಒಳಕೋಣೆಗೆ ಬಗ್ಗಿಯೇ ಹೋಗಬೇಕು. ದಾರಂದ ಗಿಡ್ಡವಿರುವುದರಿಂದ, ಬೇರೆ ಯಾವ ಕಾರಣಕ್ಕೂ ಅಲ್ಲ. ಕಲ್ಲಿನ ಮೇಲೆ ಕೂರು, ಕಾಲು ಚಾಚು. ನಾನು ಕೂತು ನೋಡಿದ್ದೇನೆ, ಸೊಂಟಕ್ಕೆ ಹಿತವಾಗಿದೆ.

ನಿನ್ನ,
ಅ. ಭಾರ್ಗವಿ ಲಕ್ಷ್ಮೀಶ

ಇದರೊಂದಿಗೆ ಲಗತ್ತಿಸಿರುವ ಕಾಗದಗಳು:

೧. ಕಿಗ್ಗದ ಲಲಿತಮ್ಮನವರ ಹೇಳಿಕೆ. ಹೆಬ್ಬೆಟ್ಟಿನ ಶಾಯಿ ಮುಂದಿಟ್ಟಾಗ ಸಿಟ್ಟುಗೊಂಡು ಪೂರ್ಣ ಸಹಿ ಮಾಡಿದ್ದಾರೆ.

೨. ಬಿಡಾರದ ನಕ್ಷೆ. ‘ಗುರುಕೋಣೆ’ ಎಂಬುದನ್ನು ಹೊಡೆದುಹಾಕಿ ‘ಬಾಣಂತಿ ಕೋಣೆ’ ಎಂದು ಬರೆದಿದೆ.

೩. ಆ ಕೋಣೆಯಲ್ಲಿ ಹುಟ್ಟಿದವರೆಂದು ಈವರೆಗೆ ತಿಳಿದುಬಂದವರ ಹೆಸರುಗಳು. ಇನ್ನೂ ಸೇರುತ್ತಿವೆ.

೪. ಹೊಸದಾಗಿ ಅಚ್ಚಾದ ನಲವತ್ತಮೂರನೆಯ ಪುಟ, ಎರಡು ಪ್ರತಿ.

೫. ನೀನು ಕಳಿಸಿದ, ಕುಂಕುಮ ಹತ್ತಿದ ಹಳೆಯ ನಲವತ್ತಮೂರನೆಯ ಪುಟ. ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ‘ತಪ್ಪು ಬರೆದವಳದು, ಓದಿದವಳದಲ್ಲ’ ಎಂದು ಷರಾ ಬರೆದು, ತಾರೀಖು ಹಾಕಿ ಸಹಿ ಮಾಡಿದೆ.